ಉದ್ದೇಶ: ಸುಮ್ಮನೆ

ಐವತ್ತೇಳನೇ ಇಸವಿ. ಶಿವಮೊಗ್ಗದ ಆರ್.ಟಿ.ಓ. ಕಚೇರಿಯಲ್ಲಿ
ನಾನು ಎರಡನೇ ದರ್ಜೆ ಗುಮಾಸ್ತ.
ಲಾರಿಯೋ, ಬಸ್ಸೋ, ಕಾರೋ,
ಮೂರರಲ್ಲಿ ಒಂದಕ್ಕೆ ಗೀಟು ಹಾಕುವುದು ನನ್ನ ಸಂಬಳ.
ಮಲ್ಲೋಜಿರಾಯರು ಟೋಪಿ ಕೈಗೆ ತೆಗೆದು ಹೇಳಿದರು:
"ಮೂರೂ ಅಲ್ಲ ಸ್ವಾಮಿ. ಮನೆ."

ಹೊರಗೆ ಹುಣಸೆಮರದಡಿ ನಿಂತಿತ್ತು ಅದು.
ಯುದ್ಧದ ಕಾಲದಲ್ಲಿ ಇದ್ದಿಲ ಹೊಗೆ ಕುಡಿದು
ತೀರ್ಥಹಳ್ಳಿ ದಾರಿಯ ಏರುಗಳಲ್ಲಿ ಕೆಮ್ಮಿದ ಬಸ್ಸು;
ಹತ್ತಿದ್ದಕ್ಕಿಂತ ಜನ ಇಳಿದು ತಳ್ಳಿದ್ದೇ ಹೆಚ್ಚು.
ಗುಜರಿಗೆ ಹೊರಟ ದಿನ ಇನ್ನೂರೆಂಬತ್ತು ರೂಪಾಯಿ ಎಣಿಸಿ
ಕಟುಕನ ಕೈಯಿಂದ ಎತ್ತು ಬಿಡಿಸಿದಂತೆ
ಬಿಡಿಸಿಕೊಂಡಿದ್ದರು ರಾಯರು, ಅದರದೇ ಡ್ರೈವರು.

ಪಾಸ್ಕು ಮೇಸ್ತ್ರಿ ಸೀಟುಗಳನ್ನೆಲ್ಲ ಕಿತ್ತ,
ಹಿಂದಿನ ಉದ್ದ ಬೆಂಚೊಂದನ್ನು ಉಳಿಸಿದ: ಅದು ಮಂಚ.
ಕಂಡಕ್ಟರನ ಪೆಟ್ಟಿಗೆಯಲ್ಲಿ ಸಾಸಿವೆ, ಜೀರಿಗೆ.
ಟಾಪಿನ ಮೇಲೊಂದು ಡ್ರಮ್ಮು, ಡ್ರಮ್ಮಿಗೆ ರಬ್ಬರು ನಳಿಕೆ,
ನಳಿಕೆಯ ತುದಿಗೆ ತುಳಜಾಬಾಯಿಯ ಬಿಂದಿಗೆ.
ಪಂಪ್ ಸ್ಟೌವಿನ ನೆತ್ತಿಯ ಮೇಲೆ ಹಳೆಯ ಅಕ್ಷರ ಹಾಗೇ ಇತ್ತು,
'ಹೊಗೆಬತ್ತಿ ಸೇದಕೂಡದು'.
ಮುಂದೆ, 'ಡ್ರೈವರ ಸಂಗಡ ಮಾತಾಡಕೂಡದು';
ಬಾಯಿಯವರು ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು
ಮಾತು ಮುಂದುವರಿಸಿದರು.

ನಮ್ಮ ಸಾಹೇಬರು ಸುತ್ತು ಬಂದರು, ಬಗ್ಗಿ ನೋಡಿದರು.
ನಿಂತರೆ ಮನೆ, ಕಂದಾಯ ಮುನಿಸಿಪಾಲಿಟಿಯದು.
ಓಡಿದರೆ ಗಾಡಿ, ಟ್ಯಾಕ್ಸು ನಮ್ಮದು.
ಓಡುವಾಗ ಒಗ್ಗರಣೆ ಹಾಕಿದರೆ?
ಫೈಲು ಬೆಂಗಳೂರಿಗೆ ಹೋಯಿತು, ಏಳು ತಿಂಗಳ ಮೇಲೆ
ಒಂದೇ ಪ್ರಶ್ನೆ ಹೊತ್ತು ಬಂತು: ಅಡಿಪಾಯ ಯಾವ ಬಗೆಯದು?
"ಆರು ಇವೆ," ಎಂದರು ರಾಯರು, "ಗಾಳಿ ತುಂಬಿದ್ದು."
ಹಾಗೆಯೇ ಬರೆದೆ.

ಕೊನೆಯ ಖಾನೆ: ಉದ್ದೇಶ.
"ಸುಮ್ಮನೆ," ಅಂದರು.
ಸುಮ್ಮನೆ ಅಂತ ಬರೆಯೋಕಾಗಲ್ಲ ರಾಯರೇ,
ಯಾತ್ರೆಯೋ, ವ್ಯಾಪಾರವೋ, ನೆಂಟರ ಮದುವೆಯೋ...
ಆಗ ಆ ಮನುಷ್ಯ ಕುರ್ಚಿ ಎಳೆದು ಕೂತರು:
"ಇಪ್ಪತ್ತಾರು ವರ್ಷ ಒಂದೇ ರಸ್ತೆ ಹೊಡೆದೆ.
ಹೋಲ್ಡಾನ್ ಅಂದಲ್ಲಿ ನಿಂತೆ, ರೈಟ್ ಅಂದಾಗ ಹೊರಟೆ.
ಮಂಡಗದ್ದೆಯ ಹಕ್ಕಿಗಳನ್ನ ಕಡೆಗಣ್ಣಲ್ಲಿ ಬಿಟ್ಟರೆ
ಸರಿಯಾಗಿ ಒಂದನ್ನೂ ನೋಡಿಲ್ಲ.
ಕೊಕ್ಕು ಯಾವ ಬಣ್ಣ, ನೀವು ಕೇಳಿದರೆ ನಾನು ಹೇಳಲಾರೆ."

ಪೆನ್ಸಿಲಿನಲ್ಲಿ ಬರೆದೆ. ಸಾಹೇಬರು ಅಳಿಸಲಿಲ್ಲ.

ಆಮೇಲೆ ಸುದ್ದಿ ಬರುತ್ತಿತ್ತು, ಬೇರೆ ಡ್ರೈವರುಗಳ ಬಾಯಲ್ಲಿ.
ಮಂಡಗದ್ದೆಯಲ್ಲಿ ಒಂಬತ್ತು ದಿನ ಬೀಡು.
ಮಾಳೂರಿನ ತಿರುವಿನಲ್ಲಿ ಬುಟ್ಟಿಯ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳಂತೆ,
ಅಭ್ಯಾಸಬಲ, ರಾಯರು ನಿಲ್ಲಿಸಿಯೇ ಬಿಟ್ಟರಂತೆ.
ಹತ್ತಿದವಳು ಕುದಿಯುವ ಅನ್ನ ಕಂಡು, ಮಡಚಿಟ್ಟ ಕೌದಿ ಕಂಡು
ಮೆಟ್ಟಿಲಿಗೆ ಹಿಂದೆ ಇಳಿದು ಚಪ್ಪಲಿ ಬಿಟ್ಟು
ಮತ್ತೆ ಹತ್ತಿದಳಂತೆ.

ನನ್ನನ್ನೂ ಕರೆದರು. ಮಾರ್ಚಿ ಲೆಕ್ಕ, ಆಡಿಟ್ಟು, ತಂಗಿಯ ಬಾಣಂತನ.
ಮೂರನೇ ವರ್ಷ ಒಂದು ಭಾನುವಾರ ಹೋದೆ.
ಗಂಟೆಯ ಹಗ್ಗ ಮಾತ್ರ ಮೊದಲಿನಂತೆಯೇ ಇತ್ತು,
ಡ್ರೈವರ ತಲೆಯಿಂದ ಮಂಚದ ತನಕ;
ಅದು ಬಾಯಿಯವರ ಅಧಿಕಾರ.
ಒಂದು ಎಳೆದರೆ ನಿಲ್ಲು, ಎರಡಕ್ಕೆ ಹೊರಡು.
ಅವತ್ತು ಕೊತ್ತಂಬರಿ ಸೋಸುತ್ತ ಅದನ್ನು ನನ್ನ ಕೈಗಿಟ್ಟರು:
"ನಿಮಗೆ ಎಲ್ಲಿ ಬೇಕೋ ಅಲ್ಲಿ."

ಗಾಜನೂರು ಹೋಯಿತು.
ನೀರಿನಲ್ಲಿ ಎಮ್ಮೆಗಳು, ಒಂದು ಬಂಡೆ, ಬಂಡೆಯ ಮೇಲೆ ಒಣಗಿದ ಸೀರೆ.
ಎಳೆಯಲೇ ಅಂದುಕೊಂಡೆ. ಇಲ್ಲಿ ಯಾಕೆ ಅಂತ ಕೇಳಿದರೆ?
ಕೇಳುವವರು ಯಾರೂ ಇರಲಿಲ್ಲ.
ಮಂಡಗದ್ದೆ ಹೋಯಿತು, ಮಾಳೂರು ಹೋಯಿತು.
ಅಂಗೈ ಬೆವರಿ ಹಗ್ಗ ಒದ್ದೆಯಾಗಿತ್ತು,
ತೀರ್ಥಹಳ್ಳಿಯೇ ಬಂದುಬಿಟ್ಟಿತು.